ಷರಾ ಬೇರೆ, ಶಿಫಾರಸು ಬೇರೆ

ಬಾಗಲಕೋಟೆ ಜಿಲ್ಲೆಯ ಪುನರ್ವಸತಿ ಕೇಂದ್ರವೊಂದರಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ನಮ್ಮ ಶಾಸಕರು ದಿನಾ ಒಂದಿಲ್ಲೊಂದು ಫೋಟೊದಾಗ ಕಾಣತಾರ. ಭೂಮಿಪೂಜಿ, ಮದವಿ, ಜಾತ್ರಿ, ಮಣ್ಣಿಗೆ ಸುದ್ದಾ ಬರತಾರ. ಮನುಷ್ಯಾ ಒಳ್ಳೆಯವರು. ಆದರ ನಮ್ಮ ಓಣಿ ರಸ್ತೆದ ಸಲುವಾಗಿ ನಾಲ್ಕು ಸಲ ಮನವಿ ಕೊಟ್ಟೇವಿ, ನಾಲ್ಕೂ ಸಲ 'ಮಾಡೋಣು' ಅಂದಾರ. ಅವರು ಕೆಲಸಾ ಮಾಡತಾರೋ ಇಲ್ಲೋ ಅನ್ನೂದನ್ನ ನಮ್ಮಂಥವರು ಹೆಂಗ ತಿಳಕೋಬೇಕು? ಇನ್ನೊಂದು, ಬೆಳಗಾವಿ ಅಧಿವೇಶನಾ ಒಳಗ ಕುಂತು ನೋಡಾಕ ಬಿಡತಾರೇನು?"

ಮಾಸ್ತರರೇ, ನಮಸ್ಕಾರ.

ಪತ್ರದ ಜೊತೆ ನೀವು ಕಳಿಸಿದ ನಾಲ್ಕೂ ಮನವಿಗಳ ಜೆರಾಕ್ಸ್ ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇವೆ. ಮೂರರ ಎಡ ಮೂಲೆಯಲ್ಲಿ "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ" ಎಂಬ ಷರಾ, ಕೆಳಗೆ ಸಹಿ. ನಾಲ್ಕನೆಯದರ ಮೇಲೆ ಅದೂ ಇಲ್ಲ. ಯಾವುದರ ಮೇಲೂ ಆವಕ (ಒಳಬಂದ ಕಾಗದದ) ಸಂಖ್ಯೆಯಾಗಲಿ, ಕಚೇರಿಯ ಸಿಕ್ಕಾ ಆಗಲಿ ಕಾಣಲಿಲ್ಲ. ಹೀಗಿದ್ದರೆ ಸರ್ಕಾರದ ದಫ್ತರದ ಮಟ್ಟಿಗೆ ನೀವು ಮನವಿ ಕೊಟ್ಟೇ ಇಲ್ಲ. ಬೇಸರ ಮಾಡಿಕೊಳ್ಳಬೇಡಿ, ಹತ್ತರಲ್ಲಿ ಎಂಟು ಮನವಿಗಳ ಗತಿ ಇದೇ.

ಷರಾ ಬರೆದ ಕಾಗದ ನಿಮ್ಮ ಕೈಗೇ ವಾಪಸು ಬರುತ್ತದೆ. ಅದನ್ನು ಹಿಡಿದುಕೊಂಡು ಎಂಜಿನಿಯರ್ ಕಚೇರಿಗೆ ಅಲೆಯುವವರು ನೀವು. ಅಲ್ಲಿನ ಗುಮಾಸ್ತರು ಅಂಥವನ್ನು ದಿನಾ ನೋಡುತ್ತಾರೆ, ಟ್ರೇಗೆ ಹಾಕುತ್ತಾರೆ, ಮುಗಿಯಿತು. ಶಿಫಾರಸು ಪತ್ರದ ಜಾತಿಯೇ ಬೇರೆ. ಅದು ಶಾಸಕರ ಲೆಟರ್‌ಹೆಡ್ ಮೇಲೆ ಜಾವಕ (ಹೊರಹೋದ ಕಾಗದದ) ಸಂಖ್ಯೆ, ದಿನಾಂಕದೊಂದಿಗೆ ಜಿಲ್ಲಾಧಿಕಾರಿಗೋ ಇಲಾಖೆಗೋ ನೇರವಾಗಿ ಹೋಗುತ್ತದೆ. ಕಾಮಗಾರಿಯ ಹೆಸರು, ಸ್ಥಳ, ಮೊತ್ತ, ಯಾವ ಸಂಸ್ಥೆ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಷರಾಕ್ಕೆ ಶಾಸಕರು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಶಿಫಾರಸು ಮಾಡಿದರೆ ಅವರ ನಿಧಿಯಿಂದ ಅಷ್ಟು ದುಡ್ಡು ಕಡಿಮೆಯಾಗುತ್ತದೆ, ಅದಕ್ಕೇ ಅದನ್ನು ಅಳೆದು ಸುರಿದು ಬರೆಯುತ್ತಾರೆ. ಮುಂದಿನ ಸಲ ಹೋದಾಗ ಷರಾ ಕೇಳಬೇಡಿ. ಮನವಿಯ ಎರಡು ಪ್ರತಿ ಒಯ್ದು, ಒಂದನ್ನು ಆಪ್ತ ಸಹಾಯಕರಿಗೆ ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಜಾವಕ ಸಂಖ್ಯೆ ಕೇಳಿ.

ಆ ನಿಧಿ ಎಷ್ಟು ಎಂಬುದೂ ಗೊತ್ತಿರಲಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಹಣ ಅವರ ಕೈಗೆ ಬರುವುದಿಲ್ಲ, ಜಿಲ್ಲಾಧಿಕಾರಿಯ ಮೂಲಕ ಬಿಡುಗಡೆಯಾಗುತ್ತದೆ. ಕ್ಷೇತ್ರದಲ್ಲಿ 80 ಊರು ಎಂದು ಹಿಡಿದರೆ ಊರಿಗೆ ಎರಡೂವರೆ ಲಕ್ಷ ಬಂತು. ಅದರಲ್ಲಿ ಶಾಲೆಗೊಂದು ಕೋಣೆಯೂ ಏಳುವುದಿಲ್ಲ. ಆದ್ದರಿಂದ ನಿಮ್ಮ ರಸ್ತೆಯನ್ನು "ಶಾಸಕರ ನಿಧಿಯಿಂದ ಮಾಡಿಕೊಡಬೇಕು" ಎಂದು ನಾಲ್ಕೂ ಮನವಿಯಲ್ಲಿ ಬರೆದದ್ದು ನಿಮಗೇ ತೊಡಕಾಗಿದೆ. ದೊಡ್ಡ ರಸ್ತೆ ಬರುವುದು ಇಲಾಖೆಯ ಲೆಕ್ಕ ಶೀರ್ಷಿಕೆಗಳಿಂದ, ಅಂದರೆ ಬಜೆಟ್ಟಿನಲ್ಲಿ ಸಂಖ್ಯೆ ಕೊಟ್ಟು ಇಟ್ಟ ಖರ್ಚಿನ ಬಾಬ್ತುಗಳಿಂದ. ಹೊಸ ರಸ್ತೆ, ಸೇತುವೆ ಇದ್ದರೆ 5054, ದುರಸ್ತಿ ಇದ್ದರೆ 3054. ಗುತ್ತಿಗೆದಾರರು "5054ದಾಗ ಹಾಕಿಸೇವಿ" ಎಂದು ಮಾತಾಡಿಕೊಳ್ಳುವುದು ಇದನ್ನೇ. ಅಲ್ಲಿ ಶಾಸಕರ ಕೆಲಸ ಜೇಬಿನಿಂದ ಕೊಡುವುದಲ್ಲ, ಇಲಾಖೆಯ ಕ್ರಿಯಾಯೋಜನೆಯಲ್ಲಿ ನಿಮ್ಮ ರಸ್ತೆಯ ಹೆಸರು ಸೇರುವಂತೆ ಮಾಡುವುದು.

ಅದಕ್ಕೂ ಮೊದಲು ಒಂದು ಪ್ರಶ್ನೆ: ಆ ರಸ್ತೆ ಯಾರದು? ನಿಮ್ಮದು ಪುನರ್ವಸತಿ ಕೇಂದ್ರ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಗೆ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ (ಯುಕೆಪಿ) ಕಟ್ಟಿದ ಕೇಂದ್ರಗಳ ರಸ್ತೆ, ಗಟಾರು, ಸಮುದಾಯ ಭವನ ಇವೆಲ್ಲ ಮೊದಲು ಯೋಜನೆಯವು. ಗ್ರಾಮ ಪಂಚಾಯಿತಿಗೆ ಹಸ್ತಾಂತರವಾದ ಮೇಲೆ ಪಂಚಾಯಿತಿಯವು. ಹಸ್ತಾಂತರ ಆಗಿದೆಯೋ ಇಲ್ಲವೋ ಎಂಬುದು ತಿಳಿಯದೆ ಕೊಟ್ಟ ಮನವಿ ಚೆಂಡಿನಂತೆ ಆ ಕಡೆಯಿಂದ ಈ ಕಡೆ ಹಾರುತ್ತಲೇ ಇರುತ್ತದೆ. "ನಮಗ ಇನ್ನೂ ಹಸ್ತಾಂತರ ಆಗಿಲ್ಲ" ಎಂದು ಪಿಡಿಒ ಅನ್ನುತ್ತಾರೆ, "ನಾವು ಆಗಲೇ ಕೊಟ್ಟೇವಿ" ಎಂದು ಯುಕೆಪಿಯವರು ಅನ್ನುತ್ತಾರೆ. ಇಬ್ಬರ ಬಾಯಿಮಾತನ್ನೂ ನಂಬಬೇಡಿ. ಪಂಚಾಯಿತಿಯಲ್ಲಿ ಹಸ್ತಾಂತರ ಪತ್ರದ ನಕಲು ಕೇಳಿ. ಅಲ್ಲಿ ಇಲ್ಲದಿದ್ದರೆ ನವನಗರದಲ್ಲಿರುವ ಯುಕೆಪಿ ಪುನರ್ವಸತಿ ಮತ್ತು ಪುನರ್‌ನಿರ್ಮಾಣ ಆಯುಕ್ತರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ರಸ್ತೆಯ ಜೊತೆಗೆ ನೀರಿನ ಟಾಕಿ, ಹಕ್ಕುಪತ್ರ ಎಲ್ಲ ಸೇರಿಸಿದರೆ ಅದನ್ನೇ ನೆಪ ಮಾಡಿ ತಿರುಗಿಸುತ್ತಾರೆ.

ಮನವಿಯ ಒಕ್ಕಣೆಯನ್ನೂ ಬದಲಿಸಿ. ನಿಮ್ಮದು "ತಾವು ಬಡವರ ಬಂಧು, ಜನಪ್ರಿಯ ನಾಯಕರು" ಎಂದು ಶುರುವಾಗಿ ಆರನೇ ಸಾಲಿಗೆ ರಸ್ತೆಗೆ ಬರುತ್ತದೆ. ಹೀಗಿದ್ದರೆ ಹೇಗೆ ನೋಡಿ: "ಹನುಮಂತ ದೇವರ ಗುಡಿಯಿಂದ ಸರ್ಕಾರಿ ಪ್ರಾಥಮಿಕ ಶಾಲೆಯವರೆಗಿನ ಒಳರಸ್ತೆ. ಉದ್ದ 210 ಮೀಟರ್, ಅಗಲ 3 ಮೀಟರ್. ಇಕ್ಕೆಲದಲ್ಲಿ 46 ಮನೆ. ಗಟಾರು ಒಂದು ಬದಿಗೆ ಮಾತ್ರ ಇದೆ. ರಸ್ತೆ ಪಂಚಾಯಿತಿಗೆ ಹಸ್ತಾಂತರವಾಗಿದೆ, ಪತ್ರದ ನಕಲು ಲಗತ್ತು." ಅಂಕಿ ನಾವು ಮಾದರಿಗೆ ಹಾಕಿದ್ದು, ನಿಮ್ಮದನ್ನು ಟೇಪು ಹಿಡಿದು ಅಳೆದು ಬರೆಯಿರಿ. ಇದನ್ನು ಓದಿದ ಜೂನಿಯರ್ ಎಂಜಿನಿಯರ್ ಕುಂತಲ್ಲೇ ಲೆಕ್ಕ ಹಾಕಬಲ್ಲರು: 210 ಗುಣಿಸು 3 ಗುಣಿಸು 0.15, ಅಂದರೆ ಆರು ಇಂಚು ದಪ್ಪಕ್ಕೆ 94.5 ಘನ ಮೀಟರ್ ಕಾಂಕ್ರೀಟ್. ಅಂದಾಜು ಪತ್ರಿಕೆ ಆದರೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂದು ಕಡತ ನಡೆಯುತ್ತದೆ. ನಡುವೆ ಎಲ್ಲಾದರೂ ನಿಂತರೆ ಎಲ್ಲಿ ನಿಂತಿದೆ ಎಂದು ಕೇಳಲು ನಿಮಗೆ ಶಬ್ದವಾದರೂ ಸಿಗುತ್ತದೆ. ಕಟ್ಟಡದ ಕಾಮಗಾರಿ ಆಗಿದ್ದರೆ ಜಾಗದ ಉತಾರವೇ, ಅಂದರೆ ಮಾಲೀಕರ ಹೆಸರಿರುವ ದಾಖಲೆಯೇ ಮೊದಲ ಗಂಡಾಂತರ. ಉತಾರ ಖಾಸಗಿಯವರ ಹೆಸರಿನಲ್ಲಿದ್ದರೆ ಮಂಜೂರಾದ ದುಡ್ಡೂ ತಿರುಗಿ ಹೋಗುತ್ತದೆ. ರಸ್ತೆಗೆ ಆ ಕಾಟ ಕಡಿಮೆ.

ಕಾಮಗಾರಿ ಬಂದರೆ ಭೂಮಿಪೂಜೆಯ ದಿನ ಫೋಟೊಕ್ಕೆ ನಿಂತವರೆಲ್ಲ ಕಾಂಕ್ರೀಟ್ ಹಾಕುವ ದಿನವೂ ಬಂದರೆ ಒಳ್ಳೆಯದು. ಆರು ಇಂಚಿನ ಬದಲು ನಾಲ್ಕೇ ಇಂಚು ಹಾಕಿದರೆ 94.5ರಲ್ಲಿ 31.5 ಘನ ಮೀಟರ್ ಉಳಿಯಿತು. ಬದಿಗೆ ಕಟ್ಟಿದ ಪಟ್ಟಿಯ ಎತ್ತರ ಸ್ಕೇಲಿನಿಂದ ನೋಡಿದರೆ ಸಾಲದು, ನಡುವೆ ನೆಲ ಉಬ್ಬಿಸಿ ದಪ್ಪ ಕದಿಯುವುದೇ ಹೆಚ್ಚು. ಹಸಿ ಇರುವಾಗಲೇ ನಡುವಿಗೆ ಒಂದು ಸರಳು ಚುಚ್ಚಿ ಅಳೆಯಿರಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಶಾಸಕರು ಕೆಲಸ ಮಾಡುತ್ತಾರೋ ಇಲ್ಲವೋ. ನಮ್ಮ ಅಭಿಪ್ರಾಯದಲ್ಲಿ ಎರಡು ಕಡತ ನೋಡಿದರೆ ಮುಕ್ಕಾಲು ಗೊತ್ತಾಗುತ್ತದೆ.

ಮೊದಲನೆಯದು ತಾಲ್ಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ನಡಾವಳಿ. ಮೂರು ತಿಂಗಳಿಗೊಮ್ಮೆ ನಡೆಯಬೇಕಾದ ಈ ಸಭೆಗೆ ಶಾಸಕರೇ ಅಧ್ಯಕ್ಷರು. ತಾಲ್ಲೂಕಿನ ಎಲ್ಲ ಇಲಾಖೆಯವರೂ ಎದುರಿಗೆ ಕುಂತಿರುತ್ತಾರೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಹೋದ ಮೇಲೆ ಈ ಸಭೆಯ ತೂಕ ಹೆಚ್ಚಿದೆ. ಗಟಾರಿನ ಮಾತಿಗೂ ಜನ ಶಾಸಕರ ಬಾಗಿಲಿಗೆ ಹೋಗುವುದು ಅರ್ಧ ಇದೇ ಕಾರಣಕ್ಕೆ. ತಾಲ್ಲೂಕು ಪಂಚಾಯಿತಿಯಿಂದ ಬೆನ್ನು ಬೆನ್ನಿಗೆ ನಡೆದ ಎರಡು ಸಭೆಗಳ ನಡಾವಳಿ ಪಡೆದು ಪಕ್ಕಪಕ್ಕ ಇಡಿ. "ಮುಂದಿನ ಸಭೆಗೆ ವರದಿ ಸಲ್ಲಿಸಲು ಸೂಚಿಸಲಾಯಿತು" ಎಂಬ ಸಾಲು ಎರಡರಲ್ಲೂ ಅದೇ ಇಲಾಖೆಯ ಎದುರು ಇದ್ದರೆ ಆ ಸಭೆ ಚಹಾ ಕುಡಿದು ಎದ್ದ ಸಭೆ. ಕಸುಬು ಬಲ್ಲ ಶಾಸಕರು ಹೊಸ ವಿಷಯಕ್ಕೆ ಕೈ ಹಾಕುವ ಮೊದಲು ಹಿಂದಿನ ಸಭೆಯ ಅನುಪಾಲನಾ ವರದಿ, ಅಂದರೆ ಹೇಳಿದ ಕೆಲಸ ಏನಾಯಿತು ಎಂಬ ವರದಿ ಓದಿಸುತ್ತಾರೆ, ಅಧಿಕಾರಿ ತಾನು ಬಾರದೆ ಕೆಳಗಿನವರನ್ನು ಕಳಿಸಿದ್ದರೆ ಅದನ್ನೂ ನಡಾವಳಿಯಲ್ಲಿ ಬರೆಸುತ್ತಾರೆ.

ಎರಡನೆಯದು ಸದನದ ಪ್ರಶ್ನೆಗಳು. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೆ, ಉತ್ತರ ಎರಡೂ ಕನ್ನಡದಲ್ಲೇ ಸಿಗುತ್ತವೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. "(ಅ) ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದಿದ್ದರೆ ಎದುರಿಗೆ "ಬಂದಿದೆ." "(ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಎಂದಿದ್ದರೆ "ಅನುದಾನದ ಲಭ್ಯತೆಯ ಆಧಾರದ ಮೇಲೆ ಪರಿಶೀಲಿಸಲಾಗುವುದು." ಇಂಥ ಪ್ರಶ್ನೆ ಕೇಳಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಊರಿನ ಹೆಸರು, ವರ್ಷ, ಬಿಡುಗಡೆಯಾದ ಮೊತ್ತ, ಖರ್ಚಾದ ಮೊತ್ತ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರದ ಜೊತೆ ಅನುಬಂಧ ಬರುತ್ತದೆ. ಆ ಅನುಬಂಧದಲ್ಲಿರುವುದೇ ಸರಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ಉತ್ತರಿಸುತ್ತಾರೆ, ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಅಷ್ಟೇ. ಆದರೆ ಅಂಕಿ ಅಂಶ ಬೇಕಾದವರಿಗೆ ಚುಕ್ಕೆ ಇಲ್ಲದ್ದೇ ಹೆಚ್ಚು ಉಪಯೋಗ. ಒಂದು ಎಚ್ಚರಿಕೆ: ನಿಮ್ಮ ಶಾಸಕರು ಸಚಿವರಾಗಿದ್ದರೆ ಪ್ರಶ್ನೆಗಳ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಅವರು ಕೊಟ್ಟ ಉತ್ತರಗಳನ್ನು ಓದಿ.

ನಿಮ್ಮ ಭಾಗದಲ್ಲಿ ಶಾಸಕರ ಆದ್ಯತೆ ಪರೀಕ್ಷಿಸಲು ಆಲಮಟ್ಟಿಗಿಂತ ದೊಡ್ಡ ಒರೆಗಲ್ಲು ಇಲ್ಲ. ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಬೇಕು ಎಂದು ವೇದಿಕೆಯಲ್ಲಿ ಗುಡುಗದವರು ಯಾರಿದ್ದಾರೆ? ಕೃಷ್ಣಾ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ ಆ ಎತ್ತರಕ್ಕೆ ಒಪ್ಪಿದ್ದು 2010ರ ಡಿಸೆಂಬರ್‌ನಲ್ಲಿ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ರಾಜ್ಯ ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ನಡುವೆ ಸುಮಾರು ಹದಿನೈದು ವರ್ಷ. ಗೇಟಿನ ಎತ್ತರದ ಬಗ್ಗೆ ಮಾತಾಡುವುದು ಸುಲಭ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಎಕರೆಗೆ ದುಡ್ಡು ಪಾವತಿಯಾಗಿದೆ, ಹೊಸ ಪುನರ್ವಸತಿ ಕೇಂದ್ರಗಳಿಗೆ ಜಾಗ ಗುರುತಾಗಿದೆಯೇ, ಹಳೇ ಕೇಂದ್ರಗಳಲ್ಲಿ ಹಕ್ಕುಪತ್ರ ಸಿಗದವರು ಎಷ್ಟು ಮಂದಿ ಎಂದು ಸದನದಲ್ಲಿ ಕೇಳಿದವರು ಯಾರು, ಅದನ್ನು ಹುಡುಕಿ. ಕಬ್ಬಿನ ಬಾಕಿಯದೂ ಅದೇ ಅಳತೆ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ದರದ ಬಗ್ಗೆ ಭಾಷಣ ಮಾಡಿದವರ ಪೈಕಿ ಬಡ್ಡಿಯ ಬಗ್ಗೆ ಪ್ರಶ್ನೆ ಹಾಕಿದವರನ್ನು ಎಣಿಸಲು ಒಂದು ಕೈ ಬೆರಳು ಸಾಕೋ ಏನೋ.

ನಿಮಗೆ ಇರುವುದು ಒಬ್ಬರೇ ಜನಪ್ರತಿನಿಧಿ ಎಂದು ಯಾಕೆ ತಿಳಿದಿರಿ? ನೀವು ಪದವೀಧರ ಮತದಾರರಾಗಿ ಹೆಸರು ನೋಂದಾಯಿಸಿದ್ದರೆ ವಾಯವ್ಯ ಪದವೀಧರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರು ನಿಮ್ಮವರೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಆ ಕ್ಷೇತ್ರಕ್ಕೆ ಸೇರಿವೆ. ಪಂಚಾಯಿತಿ ಸದಸ್ಯರ ಮತದಿಂದ ಆರಿಸಿಬಂದ ಪರಿಷತ್ ಸದಸ್ಯರು ಬೇರೆ ಇದ್ದಾರೆ. ಅವರಿಗೂ ವರ್ಷಕ್ಕೆ 2 ಕೋಟಿಯ ನಿಧಿ ಇದೆ, ಪ್ರಶ್ನೆ ಕೇಳುವ ಹಕ್ಕಿದೆ, ಬಾಗಿಲಲ್ಲಿ ಅಷ್ಟು ಗದ್ದಲ ಇರುವುದಿಲ್ಲ.

ಮದುವೆ, ಮಣ್ಣಿನ ಮಾತು. ಶಾಸಕರು ಬಂದರೆ ಸಂತೋಷ, ಬರಲಿ. ಆದರೆ ಬಾರದಿದ್ದರೆ ಐದು ವರ್ಷ ನೆನಪಿಟ್ಟು ಮಾತಾಡುವವರೂ ನಾವೇ ಅಲ್ಲವೇ? ಮದುವೆ ಸುಗ್ಗಿಯಲ್ಲಿ ದಿನಕ್ಕೆ ಹತ್ತು ಅಕ್ಷತೆ ಹಾಕಿ ಬಂದವರು ರಾತ್ರಿ ಬಜೆಟ್ ಪುಸ್ತಕ ತೆರೆಯಲಿ ಎಂದು ಬಯಸುವುದು ಕಷ್ಟ.

ಕೊನೆಗೆ ಅಧಿವೇಶನ. ಹಲಗಾ ಬಸ್ತವಾಡದ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಹೆಚ್ಚಾಗಿ ಹೊರಗಿನ ಟೆಂಟಿನಲ್ಲಿ ಧರಣಿ ಕೂರಲಿಕ್ಕೆ. ಒಳಗೆ ಪ್ರೇಕ್ಷಕರ ಗ್ಯಾಲರಿ ಇದೆ, ನಿಮ್ಮಂಥವರು ಧಾರಾಳವಾಗಿ ಕೂರಬಹುದು. ಪಾಸು ಬೇಕು, ಅದಕ್ಕೆ ಶಾಸಕರ ಪತ್ರ ಬೇಕು. ಗುರುತಿನ ಚೀಟಿ ಒಯ್ಯಿರಿ. ಮಧ್ಯಾಹ್ನದ ಪಾಸು ಕೊಟ್ಟರೆ ಬೇಡವೆನ್ನಿ, ಪ್ರಶ್ನೋತ್ತರ ನಡೆಯುವ ಬೆಳಗಿನ ಹೊತ್ತಿನದನ್ನೇ ಕೇಳಿ. ಪಾಸಿನ ಪತ್ರ ಪಡೆಯಲು ಹೋದಾಗ ಆಪ್ತ ಸಹಾಯಕರು ಹೇಗೂ ಜಾವಕ ವಹಿ ತೆರೆದಿರುತ್ತಾರೆ, ರಸ್ತೆಯ ಪತ್ರ ಅದರಲ್ಲಿ ಏರಿದೆಯೋ ಇಲ್ಲವೋ ಅಲ್ಲೇ ನೋಡಿಕೊಂಡು ಬನ್ನಿ.

— ಸಂಪಾದಕ