ನೀವು ಕೇಳಿದ್ದು: ಬೆಳ್ಳಂದೂರು ಕೆರೆಯಿಂದ ಎದ್ದ ರೇಸ್ ವಿಮಾನ

ಪ್ರಶ್ನೆ: ನನ್ನ ಹತ್ತಿರ ಏರ್‌ಫಿಕ್ಸ್‌ನ ಹಳೆಯ ಸೂಪರ್‌ಮರೀನ್ ಎಸ್.6ಬಿ ರೇಸ್ ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್ ಇದೆ, 1/72 ಅಳತೆಯದು. ಡಬ್ಬದ ಮೇಲಿನ ಚಿತ್ರದ ಹಾಗೇ ಮಾಡಲು ಮನಸ್ಸಿಲ್ಲ. ನೀರಿನ ಮೇಲಿಂದ ಏಳುವ ವಿಮಾನಗಳ ಷ್ನೈಡರ್ ಟ್ರೋಫಿ ರೇಸ್ 1933ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ನಡೆಯಿತು, ಅದಕ್ಕೆ ಎಚ್‌ಎಎಲ್‌ನವರು ಮೈಸೂರು ಸಂಸ್ಥಾನಕ್ಕೆ ಈ ಸೀಪ್ಲೇನ್ ಕಟ್ಟಿಕೊಟ್ಟರು ಅಂತ ಕಲ್ಪನೆ. ಹಳದಿ-ಕೆಂಪು ಬಾವುಟದ ಬಣ್ಣ, ಗಂಡಭೇರುಂಡ, ಎರಡು ಬಾಲ, ನಾಲ್ಕು ಮೆಷಿನ್ ಗನ್. ಹೇಗಿರುತ್ತೆ?
– ಮಾಡೆಲ್ ಹುಚ್ಚ, ಬಸವನಗುಡಿ

ಉತ್ತರ: ಹುಚ್ಚು ಚೆನ್ನಾಗಿದೆ. ಆದರೆ ಸುಳ್ಳು ಜಾಸ್ತಿಯಾಯಿತು. ಇಂಥ ಮಾಡೆಲ್‌ಗೆ ನಾನು ಒಂದೇ ಒಂದು ಸುಳ್ಳು ಬಿಡುತ್ತೇನೆ, ಮಿಕ್ಕಿದ್ದೆಲ್ಲ ಆ ಸುಳ್ಳಿನಿಂದಲೇ ಹುಟ್ಟಿಕೊಂಡು ಬರಬೇಕು. ಇಲ್ಲದಿದ್ದರೆ ಅದು ಸುಮ್ನೆ ಬಣ್ಣ ಬಳಿದ ಆಟದ ಸಾಮಾನು.

ನಿಮ್ಮ ಪಟ್ಟಿ ನೋಡೋಣ. ಎಚ್‌ಎಎಲ್ ಶುರುವಾಗಿದ್ದೇ 1940ರ ಕೊನೆಗೆ, ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ. ಹಳದಿ-ಕೆಂಪು ಬಾವುಟ ಬಂದದ್ದು 1960ರ ದಶಕದಲ್ಲಿ. ಷ್ನೈಡರ್ ಟ್ರೋಫಿ 1933ರಲ್ಲಿ ಇರಲೇ ಇಲ್ಲ. ಐದು ವರ್ಷದೊಳಗೆ ಮೂರು ಸಲ ಗೆದ್ದವರಿಗೆ ಟ್ರೋಫಿ ಶಾಶ್ವತ ಅಂತ ನಿಯಮವಿತ್ತು, ಬ್ರಿಟನ್ 1927, 1929, 1931ರಲ್ಲಿ ಗೆದ್ದು ಮನೆಗೆ ತೆಗೆದುಕೊಂಡು ಹೋಯಿತು, ಅಲ್ಲಿಗೆ ಆಟ ಮುಗಿಯಿತು. 1931ರಲ್ಲಿ ಸರ್ಕಾರ ದುಡ್ಡಿಲ್ಲ ಅಂದಾಗ ಲೇಡಿ ಹ್ಯೂಸ್ಟನ್ ಅನ್ನೋ ಶ್ರೀಮಂತೆ ಒಂದು ಲಕ್ಷ ಪೌಂಡ್ ಕೊಟ್ಟಿದ್ದರು. ಆಕೆ ಕೊಡದೇ ಇದ್ದಿದ್ದರೆ ಟ್ರೋಫಿ ಮುಂದುವರಿಯುತ್ತಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ಆದರೆ ನಿಮ್ಮ ಎಸ್.6ಬಿ ತಯಾರಾಗಿದ್ದೇ ಆ ದುಡ್ಡಿನಲ್ಲಿ! ಜೊತೆಗೆ, ಗೆದ್ದ ದೇಶದಲ್ಲೇ ಮುಂದಿನ ರೇಸ್ ನಡೆಯಬೇಕು. ಬೆಳ್ಳಂದೂರಿಗೆ ಅದು ಬರುವ ದಾರಿಯೇ ಇಲ್ಲ.

ಹಾಗಾದರೆ ಇತಿಹಾಸವನ್ನು ಅದರ ಪಾಡಿಗೆ ಬಿಡಿ. ಎಸ್.6ಬಿ ಎರಡು ಇದ್ದವು. ಎಸ್1595 ಲಂಡನ್ನಿನ ಸೈನ್ಸ್ ಮ್ಯೂಸಿಯಮ್‌ನಲ್ಲಿದೆ, ಅದನ್ನು ಮುಟ್ಟಬೇಡಿ. ಎಸ್1596 ನಿಮ್ಮದು. ನಿಮ್ಮ ಒಂದೇ ಸುಳ್ಳು ಇದು: ಆ ಎರಡನೇ ವಿಮಾನವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕೊಂಡು, 1933ರ ದಸರೆಗೆ ಸಂಸ್ಥಾನದ ಸ್ವಂತ ರೇಸ್ ಇಟ್ಟರು. ದಸರೆ ಅಂದ್ರೆ ಮಳೆಗಾಲದ ಕೊನೆ, ಕೆರೆ ತುಂಬಿರುತ್ತೆ. ವಿಮಾನ ಪೆಟ್ಟಿಗೆಯಲ್ಲಿ ಮದ್ರಾಸಿನವರೆಗೆ ಹಡಗಿನಲ್ಲಿ, ಅಲ್ಲಿಂದ ರೈಲಿನಲ್ಲಿ ಬಂತು. ಸಾಕು.

ಈಗ ಮಜಾ ಶುರು. ಆ ವಿಮಾನ ಬೆಂಗಳೂರಿಗೆ ಬಂದರೆ ಅದಕ್ಕೆ ಏನಾಗುತ್ತೆ? ಅದು ಸಮುದ್ರದ ಮೇಲೆ ಹಾರಲು ಮಾಡಿದ್ದು. ನಮ್ಮೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಸಾಂದ್ರತೆ ಶೇ. 8ರಷ್ಟು ಕಮ್ಮಿ, ಬಿಸಿಲಿದ್ದರೆ ಇನ್ನೂ ಕಮ್ಮಿ. ರೋಲ್ಸ್-ರಾಯ್ಸ್ ಆರ್ ಎಂಜಿನ್ 2,350 ಅಶ್ವಶಕ್ತಿ ಕೊಡುತ್ತಿದ್ದುದು ಸಮುದ್ರಮಟ್ಟದಲ್ಲಿ. ಅದನ್ನು ತಣ್ಣಗಿಡುವುದೇ ದೊಡ್ಡ ಪಾಡಾಗಿತ್ತು: ನೀರು ತಣಿಯಲು ರೆಕ್ಕೆಯ ಮೈಯೇ ರೇಡಿಯೇಟರ್, ಎಣ್ಣೆ ತಣಿಯಲು ಒಡಲಿನ ಪಕ್ಕಗಳು. ಹಾರುವ ರೇಡಿಯೇಟರ್ ಅಂತಲೇ ಅದನ್ನು ಕರೆಯುತ್ತಿದ್ದರು. ಅಂದರೆ ಇಲ್ಲಿ ಎಂಜಿನ್ ಬೇಗ ಕಾಯುತ್ತೆ, ರೆಕ್ಕೆ ಎತ್ತುವುದು ಕಮ್ಮಿಯಾಗುತ್ತೆ, ನೀರಿನಿಂದ ಏಳಲು ಜಾಸ್ತಿ ದೂರ ಓಡಬೇಕು, ಕೆರೆಯೋ ಸಮುದ್ರವಲ್ಲ.

ಪರಿಹಾರ ನಿಮ್ಮ ಗರಗಸದಲ್ಲಿದೆ. ರೆಕ್ಕೆಯ ತುದಿ ಕತ್ತರಿಸಿ ಎರಡೂ ಕಡೆ 5 ಮಿ.ಮೀ. ಸೇರಿಸಿ, ನಿಜದಲ್ಲಿ ಅದು 36 ಸೆಂ.ಮೀ. ಎತ್ತುವ ಶಕ್ತಿಯೂ ಬಂತು, ರೇಡಿಯೇಟರೂ ದೊಡ್ಡದಾಯಿತು. 9.14 ಮೀಟರ್ ರೆಕ್ಕೆ ಕಿಟ್‌ನಲ್ಲಿ 12.7 ಸೆಂ.ಮೀ. ಇರುತ್ತೆ, ಅದಕ್ಕೆ ಒಂದು ಸೆಂ.ಮೀ. ಸೇರಿದರೆ ಗೊತ್ತಿದ್ದವರ ಕಣ್ಣಿಗೆ ಮಾತ್ರ ಬೀಳುತ್ತೆ, ಅದೇ ಬೇಕಾದದ್ದು. ಫ್ಲೋಟ್‌ಗಳನ್ನು, ಅಂದ್ರೆ ವಿಮಾನವನ್ನು ನೀರಿನ ಮೇಲೆ ತೇಲಿಸುವ ದೋಣಿಗಳನ್ನು, ಅಡಿಯಲ್ಲಿರುವ ಮೆಟ್ಟಿಲಿನ ಮುಂದೆ ಕತ್ತರಿಸಿ 4 ಮಿ.ಮೀ. ಉದ್ದ ಮಾಡಿ. ತುಂಡಿಗೆ ಹಳೆಯ ಎಟಿಎಂ ಕಾರ್ಡ್ ಬಳಸುವುದಾದರೆ ನೆನಪಿಡಿ, ಅದು ಪಿವಿಸಿ, ಕಿಟ್‌ಗೆ ಬಳಸುವ ಸಿಮೆಂಟ್ ಅನ್ನೋ ಅಂಟು ಅದಕ್ಕೆ ಹಿಡಿಯುವುದಿಲ್ಲ, ಸೂಪರ್‌ಗ್ಲೂ ಬೇಕು. ಸೂಪರ್‌ಗ್ಲೂ ಹಾಕಿದ ದಿನ ಗಾಜಿನ ಭಾಗ ಹತ್ತಿರ ಇಡಬೇಡಿ. ನಾನು ಡಬ್ಬ ಮುಚ್ಚಿಟ್ಟು ಮಲಗಿದೆ, ಬೆಳಿಗ್ಗೆ ವಿಂಡ್‌ಸ್ಕ್ರೀನ್ ಮೇಲೆ ಬಿಳಿ ಮಂಜು ಕೂತಿತ್ತು.

ರೆಕ್ಕೆ, ಫ್ಲೋಟ್‌ಗಳನ್ನು ಬಿಗಿಯುವ ತಂತಿಗಳಿಗೆ, ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಕಡ್ಡಿಯನ್ನೇ ಮೇಣದಬತ್ತಿ ಮೇಲೆ ಕಾಯಿಸಿ ಎಳೆಯಿರಿ. ಅಂಟಿಸಿದ ಮೇಲೆ ಜೋತು ಬಿದ್ದರೆ ಹೊತ್ತಿಸಿದ ಊದುಬತ್ತಿಯ ತುದಿಯನ್ನು ಹತ್ತಿರ ತನ್ನಿ, ಮುಟ್ಟಿಸಬೇಡಿ. ತಂತಿ ತಾನಾಗಿ ಬಿಗಿಯಾಗುತ್ತೆ.

ಬಣ್ಣ ನಿಮ್ಮಿಷ್ಟ, ಆದರೆ ರೆಕ್ಕೆ ಲೋಹದ ಬಣ್ಣದಲ್ಲೇ ಇರಲಿ. ಇಟಲಿಯ ರೇಸ್ ವಿಮಾನ ಮಾಕ್ಕಿ ಎಂ.ಸಿ.72ರ ಒಡಲು ಕೆಂಪಿದ್ದರೂ ರೇಡಿಯೇಟರ್ ಹಿತ್ತಾಳೆ ಬಣ್ಣದಲ್ಲೇ ಇತ್ತು. ಎಸ್1596 ಅನ್ನೋದು ಬ್ರಿಟನ್ನಿನ ವಾಯುಪಡೆಯ ನಂಬರು, ಅದನ್ನು ಕೆರೆದು ನಮ್ಮ ಕಡೆಯ ವಿಮಾನಗಳ ನೋಂದಣಿಯ ವಿಟಿ ಅಕ್ಷರಗಳನ್ನು ಬರೆಯಿರಿ. ಬಾಲದ ಮೇಲೆ ಗಂಡಭೇರುಂಡ ಧಾರಾಳವಾಗಿ ಬರಲಿ. ಮನೆಯ ಪ್ರಿಂಟರ್‌ಗೆ ಬಿಳಿ ಶಾಯಿ ಇರುವುದಿಲ್ಲ, ಪಾರದರ್ಶಕ ಡೆಕಾಲ್ (ಚಿತ್ರ ಅಂಟಿಸುವ) ಕಾಗದದಲ್ಲಿ ಹಳದಿ ಮುದ್ರಿಸಿ ಕಡುಬಣ್ಣದ ಮೇಲೆ ಅಂಟಿಸಿದರೆ ಹಕ್ಕಿಯೇ ಮಾಯ. ಬಿಳಿ ಡೆಕಾಲ್ ಕಾಗದ ತನ್ನಿ.

ಮೆಷಿನ್ ಗನ್ ಬೇಡ, ರೇಸ್ ವಿಮಾನ ಯಾರನ್ನು ಹೊಡೆಯಬೇಕು? ಎರಡು ತಲೆ ಹಕ್ಕಿಗಿರಲಿ, ವಿಮಾನಕ್ಕೆ ಒಂದೇ ಬಾಲ ಸಾಕು.

ಪ್ರಶ್ನೆ: ಜುಲೈನಲ್ಲಿ ಸ್ಪ್ರೇ ಮಾಡಿದ ಬಣ್ಣ ಬೂದಿ ಬಳಿದ ಹಾಗಾಗಿದೆ. ಬಣ್ಣ ಕೆಟ್ಟಿದೆಯಾ?
– ಮಲ್ಲೇಶ್ವರದಿಂದ ಒಬ್ಬ ತಾಯಿ

ಉತ್ತರ: ಬಣ್ಣದ್ದೇನೂ ತಪ್ಪಿಲ್ಲ, ಮಗನ ಆತುರ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತೆ. ಬಿಸಿಲು ಬಂದ ದಿನ ಮೇಲೊಂದು ತೆಳು ಕೋಟ್ ಹೊಡೆಯಲು ಹೇಳಿ, ಸಾಮಾನ್ಯವಾಗಿ ಸರಿಹೋಗುತ್ತೆ.

ಪ್ರಶ್ನೆ: ಬೆಂಗಳೂರಿನ ಕೆರೆಯಲ್ಲಿ ವಿಮಾನ ಇಳಿದಿತ್ತು ಅಂತ ನಮ್ಮ ತಾತ ಹೇಳುತ್ತಿದ್ದರು. ಬಿಟ್ಟ ಬುರುಡೆ ಅಲ್ವಾ?
– ಮಾರತ್ತಹಳ್ಳಿಯ ಮೊಮ್ಮಗಳು

ಉತ್ತರ: ತಾತನ ಮಾತು ನಿಜ. ಎರಡನೇ ಮಹಾಯುದ್ಧದಲ್ಲಿ ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲಿನಾ ಹಾರುದೋಣಿಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ಬಸವನಗುಡಿಯವರೇ, ಇದನ್ನು ನೀವೂ ಓದಿ. ನಿಮ್ಮ ಕೆರೆಯ ಆಯ್ಕೆ ಮಾತ್ರ ಸುಳ್ಳಲ್ಲ.