ಎಲೆಯ ಸಾರದಿಂದ ಮಾಡಿದ ಬೆಳ್ಳಿ ನ್ಯಾನೋಕಣಗಳು 4-ನೈಟ್ರೋಫಿನಾಲ್ ಮೇಲೆ ಕೆಲಸ ಮಾಡುತ್ತಿಲ್ಲ, ಯಾಕೆ?

ದ್ರಾವಣ ಕಂದು ಬಣ್ಣಕ್ಕೆ ತಿರುಗಿದೆ, ಆದರೆ ಸೋಡಿಯಂ ಬೋರೋಹೈಡ್ರೈಡ್ ಜೊತೆ ಹಾಕಿದರೆ ನೈಟ್ರೋಫಿನಾಲ್‌ನ ಹಳದಿ ಹೋಗುತ್ತಿಲ್ಲ ಅಂದಿದ್ದೀರಿ. ಅಂದರೆ ಕಣಗಳು ವೇಗವರ್ಧಕವಾಗಿ ಅದನ್ನು ಬಣ್ಣವಿಲ್ಲದ ಅಮೈನೋಫಿನಾಲ್ ಆಗಿಸುತ್ತಿಲ್ಲ. ಬೇರೆ ಗಿಡ ಹುಡುಕುವ ಮುಂಚೆ ಕಣಗಳನ್ನು ಸರಿಯಾಗಿ ತೊಳೆಯಿರಿ. ನನ್ನ ಮೊದಲ ಅನುಮಾನ ಅಲ್ಲೇ. ಕಣಗಳು ಒಂದಕ್ಕೊಂದು ಅಂಟದಂತೆ ಕಾಯುವ ಪಾಲಿಫಿನಾಲ್, ಪ್ರೋಟೀನ್‌ಗಳೇ ದಪ್ಪಗೆ ಮೆತ್ತಿಕೊಂಡರೆ ನೈಟ್ರೋಫಿನಾಲ್‌ಗೆ ಬೆಳ್ಳಿಯ ಮೇಲ್ಮೈ ಸಿಗುವುದೇ ಇಲ್ಲ. 12,000 ಆರ್‌ಪಿಎಂನಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರು ತೆಗೆದು, ಡಿಸ್ಟಿಲ್ಡ್ ನೀರಲ್ಲಿ ಮತ್ತೆ ಕದಡಿ. ಎರಡು-ಮೂರು ಸಲ ಸಾಕು. ಅತಿಯಾದರೆ ಕವಚ ಪೂರ್ತಿ ಕಳಚಿ ಕಣಗಳು ಗುಂಪುಗಟ್ಟುತ್ತವೆ: ಕಣಗಳು ಬೆಳಕು ಹೀರುವ ಸ್ಪೆಕ್ಟ್ರಮ್‌ನಲ್ಲಿ 420 ನ್ಯಾನೋಮೀಟರ್ ಆಸುಪಾಸಿನ ಶಿಖರ ಅಗಲವಾಗಿ ಬಲಕ್ಕೆ ಜರುಗುತ್ತದೆ, ದ್ರಾವಣ ಬೂದಾಗುತ್ತದೆ.

ಮೊದಲ ಸಲ ತೆಗೆದ ನೀರಿಗೆ ಒಂದು ಹನಿ ಉಪ್ಪುನೀರು ಹಾಕಿ ನೋಡಿ. ಬೆಳ್ಳಗೆ ಕದಡಿತೆಂದರೆ ಅಪಕರ್ಷಣೆಯಾಗದ ಬೆಳ್ಳಿ ಅಯಾನು ಉಳಿದಿದೆ. ಅದು ಕುವೆಟ್‌ಗೆ (ಬೆಳಕಿನ ಅಳತೆಗೆ ದ್ರಾವಣ ಹಾಕುವ ಚಿಕ್ಕ ಪಾರದರ್ಶಕ ಪಾತ್ರೆ) ಹೋದರೆ ಬೋರೋಹೈಡ್ರೈಡ್ ಅಲ್ಲೇ ಹೊಸ ಕಣ ಹುಟ್ಟಿಸುತ್ತದೆ. ಆಗ ವೇಗ ಎಷ್ಟೇ ಚೆನ್ನಾಗಿ ಬಂದರೂ ಅದು ನಿಮ್ಮ ಎಲೆಯ ಕಣಗಳದ್ದಲ್ಲ.

ಕಂದು ಬಣ್ಣವೊಂದನ್ನೇ ನಂಬಬೇಡಿ. ಕ್ಷಾರದಲ್ಲಿ ಸಾರ ತಾನಾಗಿಯೇ ಕಪ್ಪಾಗುತ್ತದೆ. ಅದೇ ಪಿಎಚ್‌ನಲ್ಲಿ ಬೆಳ್ಳಿಯಿಲ್ಲದ ಸಾರವನ್ನೂ ಪಕ್ಕದಲ್ಲಿಟ್ಟು ಸ್ಪೆಕ್ಟ್ರಮ್ ತೆಗೆಯಿರಿ. ತಯಾರಿಕೆಗೆ 10 ಗ್ರಾಂ ಎಲೆಯನ್ನು 100 ಮಿ.ಲೀ. ನೀರಲ್ಲಿ 10 ನಿಮಿಷ ಕಾಯಿಸಿ, ಸೋಸಿ, ಒಂದು ಪಾಲು ಸಾರಕ್ಕೆ ಒಂಬತ್ತು ಪಾಲು 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ಸಾಕು. ಪಿಎಚ್ 8-9ಕ್ಕೆ ಏರಿಸುವುದಿದ್ದರೆ ಸಾರದಲ್ಲೇ ಏರಿಸಿ. ಬೆಳ್ಳಿಗೆ ನೇರವಾಗಿ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟರೆ ಕಂದು ಸಿಲ್ವರ್ ಆಕ್ಸೈಡ್ ಇಳಿಯುತ್ತದೆ. ನಲ್ಲಿ ನೀರು ಬೇಡವೇ ಬೇಡ, ಅದರ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ.

ಇನ್ನು ಕುವೆಟ್. 2 ಮಿ.ಲೀ. 0.1 ಮಿಲಿಮೋಲಾರ್ ನೈಟ್ರೋಫಿನಾಲ್, 1 ಮಿ.ಲೀ. 30 ಮಿಲಿಮೋಲಾರ್ ಬೋರೋಹೈಡ್ರೈಡ್, ಆಮೇಲೆ 20ರಿಂದ 50 ಮೈಕ್ರೋಲೀಟರ್ ಕಣಗಳು. ಬೋರೋಹೈಡ್ರೈಡನ್ನು ತಣ್ಣನೆಯ ನೀರಲ್ಲಿ ಆಗಿಂದಾಗಲೇ ಕರಗಿಸಿ; ನಿನ್ನೆಯದು ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಬಿಟ್ಟು ಖಾಲಿಯಾಗಿರುತ್ತದೆ. 317 ನ್ಯಾನೋಮೀಟರ್‌ನ ಶಿಖರ ಮೊದಲು 400ಕ್ಕೆ ಜಿಗಿಯಬೇಕು, ಅದು ನೈಟ್ರೋಫಿನಾಲ್‌ನ ಅಯಾನು ರೂಪವಾದ ನೈಟ್ರೋಫಿನೊಲೇಟ್. ಕಣ ಹಾಕಿದ ಮೇಲೆ ಅದು ಇಳಿಯುತ್ತಾ 300ರ ಬಳಿ ಅಮೈನೋಫಿನಾಲ್ ಏಳಬೇಕು. ಮೊದಲ ಕೆಲ ನಿಮಿಷ ಏನೂ ಕದಲದಿದ್ದರೂ ಗಾಬರಿ ಬೇಡ, ಕರಗಿದ ಆಮ್ಲಜನಕ ಮತ್ತು ಮೇಲ್ಮೈಯ ಕವಚದಿಂದ ಹಾಗಾಗುವುದುಂಟು.

ಬೆಳ್ಳಿಯಲ್ಲಿ ಇನ್ನೊಂದು ತೊಡಕಿದೆ: ಕಣಗಳ ಶಿಖರವೂ 400ರ ಹತ್ತಿರವೇ. ಹೀಗಾಗಿ ಕ್ರಿಯೆ ಮುಗಿದರೂ ಓದು ಸೊನ್ನೆಗೆ ಬರುವುದಿಲ್ಲ. ನೈಟ್ರೋಫಿನಾಲ್ ಇಲ್ಲದ ಕುವೆಟ್ ಅಳೆದು ಆ ಮೌಲ್ಯ ಕಳೆದ ಮೇಲೆಯೇ, ಕ್ರಿಯೆಯ ವೇಗ ತಿಳಿಯಲು, ಸಮಯದ ಎದುರು ಲಾಗರಿದಮ್ ಗೆರೆ ಎಳೆಯಿರಿ.