ಪ್ರತಿಕ್ರಿಯೆ: ಬಸವನಹುಳು ಇಲ್ಲದಿದ್ದರೆ ಕಾಡಿಗೆ ಏನು ನಷ್ಟ?

ಎಲೆ ಕೊಳೆಸೋಕೆ ಎರೆಹುಳು, ಗೆದ್ದಲು ಇವೆಯಲ್ಲ, ಬಸವನಹುಳು, ಸ್ಲಗ್ (ಚಿಪ್ಪಿಲ್ಲದ ಬಸವನಹುಳು) ಇಲ್ಲದಿದ್ದರೆ ಏನಾಗುತ್ತೆ ಅಂತ ಕೇಳಿದ್ದೀರಿ. ಎಲೆ ಕೊಳೆಸುವುದರಲ್ಲಿ ಇವುಗಳ ಪಾಲೂ ಇದೆ, ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಸುಣ್ಣದ ವಿಷಯ.

ಬಸವನಹುಳು ಮಣ್ಣು, ತರಗೆಲೆಗಳಿಂದ ಚೂರುಚೂರೇ ಕ್ಯಾಲ್ಸಿಯಂ ಕೂಡಿಸಿ ಚಿಪ್ಪು ಕಟ್ಟುತ್ತದೆ. ಅದನ್ನು ನುಂಗಿದ ಹಕ್ಕಿ ಅದೇ ಸುಣ್ಣದಿಂದ ಮೊಟ್ಟೆಯ ಸಿಪ್ಪೆ ಮಾಡುತ್ತದೆ. ಬರೀ ಕಂಬಳಿಹುಳು ತಿಂದರೆ ಅಷ್ಟು ಸಿಗುವುದಿಲ್ಲ. ನೆದರ್ಲೆಂಡ್ಸ್‌ನ ಕೆಲವು ಕಾಡುಗಳಲ್ಲಿ ಆಮ್ಲ ಮಳೆಯಿಂದ ಮಣ್ಣಿನ ಸುಣ್ಣ ತೊಳೆದುಹೋಗಿ ಬಸವನಹುಳು ಕಡಿಮೆಯಾದವು. ಆಗ ಅಲ್ಲಿನ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಮೊಟ್ಟೆಗಳು ಕೆಡತೊಡಗಿದವು. ಸಿಪ್ಪೆ ತೀರಾ ತೆಳು, ಕೆಲವಕ್ಕೆ ಸಿಪ್ಪೆಯೇ ಇಲ್ಲ. ಸಂಶೋಧಕರು ಬಸವನಹುಳುವಿನ ಚಿಪ್ಪು, ಕೋಳಿಮೊಟ್ಟೆ ಸಿಪ್ಪೆಯ ಚೂರು ಇಟ್ಟಾಗ ಮೊಟ್ಟೆಗಳು ಸುಧಾರಿಸಿದವು. 1994ರಲ್ಲಿ ಇದು ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಓದಿದಾಗ ತುಂಬಾ ಸಂಕಟವಾಯಿತು. ಕಾಲಡಿಯ ಹುಳು ಹೋದರೆ ಮರದ ಮೇಲಿನ ಗೂಡಿಗೆ ಪೆಟ್ಟು!

ಸ್ಲಗ್ ಕೆಲಸ ಬೇರೆ. ಅದಕ್ಕೆ ಅಣಬೆ ಅಂದರೆ ಬಲು ಇಷ್ಟ. ತಿಂದ ಅಣಬೆಯ ಬೀಜಕಣಗಳಲ್ಲಿ ಎಷ್ಟೋ ಜೀವಂತವಾಗಿಯೇ ಹಿಕ್ಕೆಯಲ್ಲಿ ಹೊರಬಂದು ಹೊಸ ಜಾಗ ಸೇರುತ್ತವೆ. ಇನ್ನು ಮಿಂಚುಹುಳು ಇಷ್ಟ ಅಲ್ವಾ? ಅವುಗಳ ಎಷ್ಟೋ ಜಾತಿಯ ಮರಿಗಳು ಬೆಳೆಯುವುದೇ ಬಸವನಹುಳು, ಸ್ಲಗ್ ತಿಂದು.

ಮಳೆ ನಿಂತ ರಾತ್ರಿ ಟಾರ್ಚ್ ಹಿಡಿದು ಅಣಬೆಯ ಅಡಿಭಾಗ ನೋಡಿ. ಕೆರೆದ ಗುರುತು, ಪಕ್ಕದಲ್ಲೇ ಹೊಳೆಯುವ ಲೋಳೆಯ ಗೆರೆ ಇದ್ದರೆ ಸ್ಲಗ್ ಇಲ್ಲವೇ ಬಸವನಹುಳು ಬಂದು ಹೋಗಿರಬೇಕು.